ಫ್ರಿಜ್ ಮಲಗಿಸಿ ತಂದಿದ್ದರೆ ಅವತ್ತೇ ಸ್ವಿಚ್ ಹಾಕಬೇಡಿ

ಕಲಬುರಗಿಯ ಶಹಾಬಜಾರದ ಮೇಲ್ಮಹಡಿಯ ಬಾಡಿಗೆ ಮನೆಯಿಂದ ಸೇಡಂ ರಸ್ತೆ ಕಡೆಯ ಹೊಸ ಮನೆಗೆ ಒಂದು ಫ್ರಿಜ್ ಹೋಯಿತು. ದೂರ ಐದಾರು ಕಿಲೋಮೀಟರ್. ಡಬಲ್ ಡೋರ್, 260 ಲೀಟರ್, ಕೊಂಡು ಮೂರು ವರ್ಷ. ಹೊರಡುವ ದಿನ ಬೆಳಿಗ್ಗೆವರೆಗೂ ಚೆನ್ನಾಗಿ ನಡೆಯುತ್ತಿತ್ತು. ಹದಿನೈದು ದಿನದೊಳಗೆ ಅದರ ಕಂಪ್ರೆಸರ್ ಗುಜರಿ ಸೇರಿತು, ಖರ್ಚು ಎಲ್ಲ ಕೂಡಿ 9,400 ರೂಪಾಯಿ. ಅದು ಎಲ್ಲೂ ಬಿದ್ದಿರಲಿಲ್ಲ, ಮಳೆಗೆ ತೋಯ್ದಿರಲಿಲ್ಲ, ಮೈಮೇಲೆ ಒಂದು ಗೀರೂ ಇರಲಿಲ್ಲ. ಬೇಸಿಗೆ ರಜೆಯಲ್ಲಿ ಮನೆ ಬದಲಿಸುವವರು ಏನಾಯಿತೆಂದು ಓದಿಕೊಳ್ಳಿ.

ಗಾಡಿ ಟಾಟಾ ಏಸ್, ನಮ್ಮ ಕಡೆಯ ಮಾತಲ್ಲಿ ಛೋಟಾ ಹಾಥಿ. ಹಿಂದಿನ ಡಬ್ಬಿ ಸುಮಾರು ಏಳಡಿ ಉದ್ದ, ಆದರೆ ಪಕ್ಕದ ಹಲಗೆಯ ಎತ್ತರ ಒಂದಡಿ ಅಷ್ಟೇ. ಅದರಲ್ಲಿ ಐದಡಿ ದಾಟಿದ ಫ್ರಿಜ್ ನಿಲ್ಲಿಸಿದರೆ ನೋಡುವವರಿಗೇ ಎದೆ ಢವಢವ. "ನಿಂದ್ರಿಸಿದ್ರ ಬೀಳ್ತದ್ರಿ, ಮಲಗಿಸಿ ಒಯ್ಯಾಮ್ರಿ. ಏನೂ ಆಗಂಗಿಲ್ಲ, ಎಷ್ಟೋ ಒಯ್ದೀವಿ" ಎಂದರು ಹಮಾಲರು. ಕೆಳಗೆ ಗಾದಿ ಹಾಸಿ ಬೆನ್ನ ಮೇಲೆ ಮಲಗಿಸಿದರು. ಗಾದಿ ಹಾಸಿದ್ದರಿಂದ ಬಣ್ಣ ಉಳಿಯಿತು, ಅಷ್ಟು ಮಾತ್ರ.

ಫ್ರಿಜ್ಜಿನ ಹಿಂದೆ ಕೆಳಗಡೆ ಕಾಣುವ ಕರಿ ಗಡಿಗೆಯಂಥದ್ದೇ ಕಂಪ್ರೆಸರ್. ಅದರ ತಳದಲ್ಲಿ ಎಣ್ಣೆ ಇರುತ್ತದೆ, ಮನೆಬಳಕೆಯ ಫ್ರಿಜ್ಜಿನಲ್ಲಿ ಸುಮಾರು 150ರಿಂದ 250 ಮಿಲಿ. ಒಳಗೆ ಮೋಟರ್ ಸ್ಪ್ರಿಂಗ್‌ಗಳ ಮೇಲೆ ಕೂತಿರುತ್ತದೆ. ಫ್ರಿಜ್ ನಿಂತಿದ್ದಾಗ ಎಣ್ಣೆ ತಳದಲ್ಲಿ, ಮೋಟರ್ ಸ್ಪ್ರಿಂಗ್ ಮೇಲೆ, ಎಲ್ಲ ತಮ್ಮ ತಮ್ಮ ಜಾಗದಲ್ಲಿ. ಮಲಗಿಸಿದ ಕೂಡಲೇ ಆ ಎಣ್ಣೆಯು, ಫ್ರಿಜ್ ತಣ್ಣಗಿಡುವ ಗ್ಯಾಸನ್ನು ಹೀರುವ ಪೈಪಿನ ಬಾಯಿಗೆ ಹರಿಯುತ್ತದೆ, ಗ್ಯಾಸನ್ನು ಒತ್ತುವ ಸಿಲಿಂಡರಿನ ಕಡೆಗೂ ನುಗ್ಗುತ್ತದೆ. ಸ್ಪ್ರಿಂಗ್‌ಗಳ ಮೇಲೆ ಅಡ್ಡ ಭಾರ ಬೀಳುತ್ತದೆ. ಹಂಪ್ ಬಂದಾಗಲೆಲ್ಲ ಆ ಭಾರ ಜಗ್ಗುತ್ತದೆ. ಒಂದು ಸ್ಪ್ರಿಂಗ್ ಕಳಚಿದರೆ ಸಾಕು, ಮುಂದೆ ಕಂಪ್ರೆಸರ್ ಶುರುವಾದಾಗಲೂ ನಿಂತಾಗಲೂ ತಗಡಿಗೆ ಸುತ್ತಿಗೆಯಿಂದ ಬಡಿದಂಥ ಸದ್ದು ಬರುತ್ತದೆ. ಆ ಗಡಿಗೆ ಬೆಸುಗೆ ಹಾಕಿ ಮುಚ್ಚಿದ್ದು, ಬಿಚ್ಚಿ ಸ್ಪ್ರಿಂಗ್ ಕೂರಿಸುವ ಮಾತೇ ಇಲ್ಲ.

ಈ ಫ್ರಿಜ್ಜಿಗೆ ಅದಾಗಿರಲಿಲ್ಲ. ಮಲಗಿದ್ದದ್ದು ಮುಕ್ಕಾಲು ಗಂಟೆ ಮಾತ್ರ. ಇಳಿಸಿ, ನಿಲ್ಲಿಸಿ ಅರ್ಧ ದಿನ ಸುಮ್ಮನೆ ಬಿಟ್ಟಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಅವತ್ತು ಗೃಹಪ್ರವೇಶ. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಮೂವತ್ತು ಮಂದಿ ಬೀಗರು, ಎಲ್ಲರಿಗೂ ತಣ್ಣೀರು ಬೇಕು. ಅಡುಗೆಮನೆಗೆ ತಂದ ಹತ್ತೇ ನಿಮಿಷಕ್ಕೆ ಸ್ವಿಚ್ ಹಾಕಿದರು. ಮನೆಗೆ ಇನ್ನೂ ಟೆಂಪರರಿ ಕನೆಕ್ಷನ್. ಕಂಬದಿಂದ ಉದ್ದಕ್ಕೆ ಎಳೆದ ಸಣ್ಣ ವೈರು, ಅದರ ತುದಿಗೆ ಎಕ್ಸ್‌ಟೆನ್ಷನ್ ಬಾಕ್ಸ್. ಕಂಪ್ರೆಸರ್ ಶುರುವಾಗುವ ಗಳಿಗೆಯಲ್ಲಿ ಓಡುವಾಗಿನ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಸಣ್ಣ ವೈರಿನಲ್ಲಿ ಆ ಹೊತ್ತಿಗೇ ವೋಲ್ಟೇಜ್ ಕುಸಿಯುತ್ತದೆ. ಸಿಲಿಂಡರಿನಲ್ಲಿ ಗ್ಯಾಸ್ ಬದಲು ಎಣ್ಣೆ. ಗ್ಯಾಸನ್ನು ಒತ್ತಬಹುದು, ಎಣ್ಣೆಯನ್ನು ಒತ್ತಲು ಬರುವುದಿಲ್ಲ. ಹ್ಞೂಂ ಎಂದು ಹತ್ತು ಸೆಕೆಂಡು ಗುಂಯ್‌ಗುಟ್ಟಿ "ಟಕ್" ಎಂದಿತು. ಎರಡು ಮೂರು ನಿಮಿಷ ಬಿಟ್ಟು ಮತ್ತೆ ಹ್ಞೂಂ, ಟಕ್.

ಆ "ಟಕ್" ಕಂಪ್ರೆಸರಿಗೆ ಅಂಟಿಕೊಂಡಿರುವ ಓವರ್‌ಲೋಡ್ ಎಂಬ ಸಣ್ಣ ಭಾಗದ್ದು. ಮೋಟರ್ ತಿರುಗಲಾರದೆ ಕಾಯ್ದಾಗ ಅದು ಕರೆಂಟ್ ಕಡಿಯುತ್ತದೆ, ತಣಿದಾಗ ಮತ್ತೆ ಕೊಡುತ್ತದೆ. ಸಂಜೆವರೆಗೂ ಟಕ್ ಟಕ್ ನಡೆಯಿತು, ಒಳಗಿನ ದೀಪ ಉರಿಯುತ್ತಿತ್ತಾದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ದೀಪಕ್ಕೂ ಕಂಪ್ರೆಸರಿಗೂ ಸಂಬಂಧವಿಲ್ಲ. ಎರಡನೇ ಟಕ್‌ಗೇ ಪ್ಲಗ್ ಕಿತ್ತು ಮರುದಿನದವರೆಗೆ ಬಿಟ್ಟಿದ್ದರೂ ಫ್ರಿಜ್ ಉಳಿಯುತ್ತಿತ್ತೇನೋ.

ಹಾಗಾದರೆ ಒಯ್ಯುವುದು ಹೇಗೆ? ಹಿಂದಿನ ರಾತ್ರಿಯೇ ಪ್ಲಗ್ ಕೀಳಿ. ಸಿಂಗಲ್ ಡೋರ್ ಆದರೆ ಫ್ರೀಜರಿನ ಹಿಮ ತಾನಾಗಿ ಕರಗಲಿ. ಅವಸರಕ್ಕೆ ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ. ಆ ಅಲ್ಯೂಮಿನಿಯಂ ಹಾಳೆಯ ಒಳಗೇ ಗ್ಯಾಸಿನ ದಾರಿ ಇದೆ, ಒಂದು ಸೂಜಿಯಷ್ಟು ತೂತು ಬಿದ್ದರೂ ಗ್ಯಾಸ್ ಎಲ್ಲ ಹೋಗುತ್ತದೆ. ಹಿಂದೆ ಕಂಪ್ರೆಸರ್ ಮೇಲಿನ ತಟ್ಟೆಯ ನೀರು ಒರೆಸಿ ತೆಗೆಯಿರಿ, ಇಲ್ಲವಾದರೆ ವಾಲಿಸಿದಾಗ ಅದು ಕಂಪ್ರೆಸರ್ ಶುರು ಮಾಡುವ ರಿಲೇ ಮೇಲೆ ಚೆಲ್ಲುತ್ತದೆ. ಗಾಜಿನ ಹಲಗೆ, ತರಕಾರಿ ಡಬ್ಬಿ, ಉಪ್ಪಿನಕಾಯಿ ಬಾಟಲಿ ಎಲ್ಲ ಹೊರಗೆ. ಮನೆಯಲ್ಲಿ ಇನ್ಸುಲಿನ್ ಇದ್ದರೆ ಅದನ್ನು ಮೊದಲೇ ಬೇರೆಯವರ ಫ್ರಿಜ್ಜಿನಲ್ಲಿಡಿ, 2ರಿಂದ 8 ಡಿಗ್ರಿಯಲ್ಲಿ, ಫ್ರೀಜರಿನಲ್ಲಲ್ಲ.

ಬಾಗಿಲನ್ನು ಬಟ್ಟೆಯ ಪಟ್ಟಿಯಿಂದ ಕಟ್ಟಿ. ಕಂದು ಟೇಪ್ ಅಂಟಿಸಿದರೆ ಬಿಸಿಲಿಗೆ ಅಂಟು ಕರಗಿ ಕೂರುತ್ತದೆ, ಕೀಳುವಾಗ ಬಣ್ಣವೂ ಬರಬಹುದು. ಮೇಲೆ ಎರಡು ಕೌದಿ ಸುತ್ತಿ. ನಮ್ಮ ಕಡೆ ಕೌದಿ ಇರುವಾಗ ಬಬಲ್ ಶೀಟಿಗೆ ದುಡ್ಡು ಕೊಡಬೇಕಿಲ್ಲ. ಕೌದಿಯ ಮೇಲೆ ಹಗ್ಗ, ಕೌದಿಯಿಲ್ಲದೆ ಹಗ್ಗ ಬಿಗಿಯಬೇಡಿ: ಹೊಸ ಮಾದರಿಗಳಲ್ಲಿ ಬಿಸಿ ಹೊರಹಾಕುವ ಪೈಪುಗಳು ಪಕ್ಕದ ತಗಡಿನ ಹಿಂದೆಯೇ ಇರುತ್ತವೆ, ಪಕ್ಕ ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ. ತಗಡು ಒಳಕ್ಕೆ ಹೋದರೆ ಪೈಪೂ ಹೋದಂತೆ. ಹಳೆಯ ಮಾದರಿಯಲ್ಲಿ ಹಿಂದೆ ಕರಿ ಜಾಲರಿ ಕಾಣುತ್ತದಲ್ಲ, ಅದನ್ನು ಹಿಡಿಕೆ ಎಂದುಕೊಂಡು ಎತ್ತುವವರಿದ್ದಾರೆ. ಕೈ ಹಾಕಬೇಕಾದ್ದು ತಳಕ್ಕೆ.

ಮೆಟ್ಟಿಲಿಗೆ ಮೂರು ಜನ ಇರಲಿ: ಮೇಲೆ ಒಬ್ಬ, ಕೆಳಗೆ ಇಬ್ಬರು. ಭಾರ ಇರುವುದು ಕೆಳಗೆ, ಹಿಂಬದಿಯಲ್ಲಿ. ಹಳೆಯ ಮನೆಗಳ ಶಹಾಬಾದ್ ಫರ್ಸಿ ಮೆಟ್ಟಿಲು ನಡೆದು ನಡೆದು ನುಣ್ಣಗಾಗಿರುತ್ತವೆ, ನೀರು ಬಿದ್ದಿದ್ದರೆ ಮೊದಲು ಒರೆಸಿ. ತಿರುವಿನಲ್ಲಿ ವಾಲಿಸಲೇಬೇಕಾದರೆ 45 ಡಿಗ್ರಿ ದಾಟದಿರಲಿ.

ಗಾಡಿಯಲ್ಲಿ ನಿಲ್ಲಿಸಿಯೇ ಒಯ್ಯಿರಿ. ಒಂದಡಿಯ ಹಲಗೆ ಇದ್ದರೇನು, ಫ್ರಿಜ್ಜಿನ ಬೆನ್ನನ್ನು ಡ್ರೈವರ್ ಕ್ಯಾಬಿನ್ನಿನ ಗೋಡೆಗೆ ಒತ್ತಿ, ನಡುವೆ ಗಾದಿಯನ್ನು ನಿಲ್ಲಿಸಿ, ಎರಡು ಕಡೆ ಹಗ್ಗ ಬಿಗಿಯಿರಿ: ಒಂದು ತಳದಿಂದ ಮೂರನೇ ಒಂದು ಎತ್ತರಕ್ಕೆ, ಇನ್ನೊಂದು ಮೇಲಿನಿಂದ ಅಷ್ಟೇ ಕೆಳಗೆ. ಪಕ್ಕಕ್ಕೆ ಅಕ್ಕಿ ಚೀಲವೋ ಬಟ್ಟೆ ಗಂಟೋ ತುರುಕಿ. ಇದಕ್ಕೆ ಹತ್ತು ನಿಮಿಷ ಹೆಚ್ಚು ಬೇಕು, ಹಮಾಲರು ಗೊಣಗುತ್ತಾರೆ. ಮಲಗಿಸದೆ ದಾರಿಯೇ ಇಲ್ಲವಾದರೆ ಬೆನ್ನ ಮೇಲೂ ಬೇಡ, ಬಾಗಿಲ ಮೇಲೂ ಬೇಡ, ಪಕ್ಕಕ್ಕೆ ಮಲಗಿಸಿ. ಹಿಂದೆ ಬಗ್ಗಿ ನೋಡಿ: ಕಂಪ್ರೆಸರಿನಿಂದ ತಾಮ್ರದ ಪೈಪು ಯಾವ ಕಡೆ ಹೊರಡುತ್ತದೋ ಆ ಕಡೆ ಮೇಲಕ್ಕೆ ಬರಲಿ.

ಇಳಿಸಿದ ಮೇಲೆ ಕಾಯುವ ಲೆಕ್ಕ. ನಿಲ್ಲಿಸಿಯೇ ತಂದಿದ್ದರೆ ಎರಡು ಗಂಟೆ. ಅರ್ಧ, ಒಂದು ಗಂಟೆ ಮಲಗಿದ್ದರೆ ಕನಿಷ್ಠ ನಾಲ್ಕು ಗಂಟೆ, ಆದರೆ ಮರುದಿನದವರೆಗೆ ಬಿಟ್ಟರೆ ಚಿಂತೆಯೇ ಇಲ್ಲ. ಬೀದರಿನಿಂದ ಬೆಂಗಳೂರಿಗೆ ರಾತ್ರಿಯಿಡೀ ಮಲಗಿ ಹೋದದ್ದಕ್ಕೆ ಪೂರ್ತಿ 24 ಗಂಟೆ. ಚಳಿಗಾಲದಲ್ಲಿ ಎಣ್ಣೆ ಗಟ್ಟಿ, ನಿಧಾನಕ್ಕೆ ಇಳಿಯುತ್ತದೆ, ಆಗ ಸಮಯ ಇನ್ನೂ ಹೆಚ್ಚಿಸಿ. ಫ್ರಿಜ್ ಜೊತೆ ಬಂದ ಪುಸ್ತಕದಲ್ಲಿ ಬೇರೆ ಸಮಯ ಬರೆದಿದ್ದರೆ ಅದನ್ನೇ ಪಾಲಿಸಿ. ಗೃಹಪ್ರವೇಶಕ್ಕೆ ತಣ್ಣೀರು ಬೇಕೆಂದರೆ ಎರಡು ಮಣ್ಣಿನ ಗಡಿಗೆ ತಂದಿಡಿ, ಇಲ್ಲವೇ ಐಸ್ ಗಡ್ಡೆ ತರಿಸಿ. ಸ್ವಿಚ್ ಹಾಕುವಾಗ ಖಾಲಿ ಫ್ರಿಜ್, ಗೋಡೆಯ ಮೂರು ಪಿನ್ನಿನ ಸಾಕೆಟ್, ಅರ್ತಿಂಗ್ ಇರುವಂಥದ್ದು. ಟೆಂಪರರಿ ಕನೆಕ್ಷನ್ನಿನಲ್ಲಿ ಓಡಿಸುವುದೇ ಬೇಡ.

ಇನ್ನು ಆ ಫ್ರಿಜ್ಜಿನ ಉಳಿದ ಕಥೆ. ಮೂರನೇ ದಿನ ಬಂದ ಮೆಕ್ಯಾನಿಕ್ ಬಾಗಿಲು ತೆಗೆದು ಕೈಯಿಟ್ಟು ನೋಡಿ, "ಗ್ಯಾಸ್ ಖಾಲಿ ಆಗ್ಯಾದ್ರಿ" ಎಂದ. ಗ್ಯಾಸ್ ಸ್ಕೂಟರಿನ ಪೆಟ್ರೋಲಲ್ಲ, ಓಡಿದಂತೆ ತೀರುವುದಿಲ್ಲ. ಪೈಪು ಮುಚ್ಚಿದ್ದು, ಎಲ್ಲೋ ತೂತಾದರೆ ಮಾತ್ರ ಹೋಗುತ್ತದೆ. ತೂತು ಎಲ್ಲಿ ಎಂದು ತೋರಿಸದೆ ಗ್ಯಾಸ್ ತುಂಬುತ್ತೇನೆ ಎಂದರೆ ಒಲ್ಲೆ ಅನ್ನಿ. ಇಲ್ಲಿ ಎಣ್ಣೆ ಕ್ಯಾಪಿಲರಿ ಎಂಬ ಕೂದಲೆಳೆಯಂಥ ಪೈಪಿಗೆ ಹೋಗಿ ಕಟ್ಟಿತ್ತು. ಅದರ ಒಳದಾರಿ ಒಂದು ಮಿಲಿಮೀಟರಿಗಿಂತ ಕಡಿಮೆ. ಆತ ಪೈಪು ಕತ್ತರಿಸಿ ಇದ್ದ ಒಳ್ಳೆಯ ಗ್ಯಾಸ್ ಬಿಟ್ಟು, ತೇವ ಹೀರುವ ಹಳೆಯ ಫಿಲ್ಟರನ್ನೇ ಇಟ್ಟು, ಒಳಗಿನ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಹಚ್ಚದೆ, ಅಂದಾಜಿನ ಮೇಲೆ ಹೊಸ ಗ್ಯಾಸ್ ತುಂಬಿದ. ಒಳಗೆ ಗಾಳಿಯ ತೇವ ಉಳಿಯಿತು. ಆಮೇಲೆ ಅರ್ಧ ದಿನ ತಣ್ಣಗೆ, ಅರ್ಧ ದಿನ ಬೆಚ್ಚಗೆ: ತೇವ ಕ್ಯಾಪಿಲರಿ ತುದಿಯಲ್ಲಿ ಹಿಮವಾಗಿ ದಾರಿ ಕಟ್ಟುತ್ತದೆ, ಕರಗಿದಾಗ ಬಿಡುತ್ತದೆ. ಹತ್ತು ದಿನ ಹೀಗೆ ಓಡಿ, ಮೊದಲೇ ಕಾಯ್ದು ಸೊರಗಿದ್ದ ಮೋಟರಿನ ತಂತಿ ಸುರುಳಿ, ಅಂದರೆ ವೈಂಡಿಂಗ್, ಸುಟ್ಟಿತು.

ಮೆಕ್ಯಾನಿಕ್ಕಿಗೆ ಪೈಪು ಕತ್ತರಿಸಲು ಬಿಡುವ ಮೊದಲು ಫ್ರಿಜ್ಜಿನ ಚೀಟಿ ಓದಿ. ಈಗಿನವುಗಳಲ್ಲಿ ಗ್ಯಾಸಿನ ಹೆಸರು ಸಾಮಾನ್ಯವಾಗಿ ಆರ್ 600ಎ ಎಂದಿರುತ್ತದೆ, ಪಕ್ಕದಲ್ಲೇ ಅದರ ತೂಕ ಗ್ರಾಂನಲ್ಲಿ, ಹೆಚ್ಚಾಗಿ 30ರಿಂದ 70ರೊಳಗೆ. ಇದು ಐಸೊಬ್ಯೂಟೇನ್, ಒಲೆಯ ಸಿಲಿಂಡರಿನ ಗ್ಯಾಸಿನ ದಾಯಾದಿ, ಆದರೆ ಅದಕ್ಕೆ ಹಾಕಿರುವ ಎಚ್ಚರಿಕೆಯ ವಾಸನೆ ಇದಕ್ಕಿಲ್ಲ. ಒಳಗೆ ಗ್ಯಾಸ್ ಇರುವಾಗ ಪೈಪಿಗೆ ಬೆಸುಗೆಯ ಬೆಂಕಿ ಹಿಡಿಯಬಾರದು, ಅಡುಗೆಮನೆಯಲ್ಲಂತೂ ಬೇಡವೇ ಬೇಡ. ಕಿಟಕಿ ಬಾಗಿಲು ತೆರೆಯಿಸಿ, ಒಲೆ ಆರಿಸಿ, ಗ್ಯಾಸನ್ನು ನಳಿಕೆಯಿಂದ ಮನೆಯ ಹೊರಗೆ ಬಿಡಿಸಿ. ಪೈಪು ತೆರೆದ ಮೇಲೆ ಹೊಸ ಫಿಲ್ಟರ್ ಹಾಕಲೇಬೇಕು. ವ್ಯಾಕ್ಯೂಮ್ ಪಂಪ್ ಕನಿಷ್ಠ ಅರ್ಧ ಗಂಟೆ ಓಡಬೇಕು, ಗ್ಯಾಸ್ ತಕ್ಕಡಿಯಲ್ಲಿ ತೂಗಿ ಹೋಗಬೇಕು. 45 ಗ್ರಾಂ ಹಿಡಿಯುವಲ್ಲಿ ಹತ್ತು ಗ್ರಾಂ ಹೆಚ್ಚಾದರೂ ಕೂಲಿಂಗ್ ಕೆಡುತ್ತದೆ. "ತಕ್ಕಡಿ ಅಂಗಡ್ಯಾಗ ಅದರಿ" ಎಂದರೆ, ತಕ್ಕಡಿ ತೊಗೊಂಡು ನಾಳೆ ಬರ್ರಿ ಅನ್ನಿ.