ಮ್ಯಾಂಚೆಸ್ಟರ್‌ನ ಹ್ಯೂಮ್‌ನಲ್ಲಿ ಬಾಡಿಗೆ ಮನೆ: ಹಲವು ವರ್ಷ ಇದ್ದು ನೋಡಿದ ಮೇಲೆ ಬರೆದ ವಿಮರ್ಶೆ

ಅಂಕ ಮಾತ್ರ ಬೇಕಿದ್ದವರಿಗೆ ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಏರಿಯಾದ್ದಲ್ಲ, ಮನೆಯದ್ದೂ ಅಲ್ಲ. ಮನೆ ನೋಡಿಕೊಳ್ಳಬೇಕಾದವರದ್ದು. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ.

ಮ್ಯಾಂಚೆಸ್ಟರ್‌ಗೆ ಓದಲೋ ಕೆಲಸಕ್ಕೋ ಬರುವ ನಮ್ಮವರು ಹ್ಯೂಮ್ ಬಗ್ಗೆ ಕೇಳುತ್ತಲೇ ಇರುತ್ತಾರೆ. ಬೋರ್ಡಿನಲ್ಲಿ ನಡುವೆ ಒಂದು 'ಎಲ್' ಇರುತ್ತದೆ, ಬಾಯಲ್ಲಿ ಅದು ಬರುವುದಿಲ್ಲ. ಮ್ಯಾಪ್‌ನಲ್ಲಿ ನೋಡಿದರೆ ಎಲ್ಲಾ ಅನುಕೂಲವೂ ಇದೆ. ಊರ ಮಧ್ಯಕ್ಕೆ ನಡೆದೇ ಹೋಗಬಹುದು. ಆಕ್ಸ್‌ಫರ್ಡ್ ರಸ್ತೆಯ ಯೂನಿವರ್ಸಿಟಿಗಳು, ಆಸ್ಪತ್ರೆಗಳು ಎಲ್ಲವೂ ಹತ್ತಿರ. ಬೇಳೆ, ಹುಣಸೆಹಣ್ಣು, ಕರಿಬೇವಿಗೆ ರಶೋಮ್‌ನ ಅಂಗಡಿಗಳಿವೆ. ಆದರೆ ಯಾರನ್ನಾದರೂ ಕೇಳಿ ನೋಡಿ, "ಅಯ್ಯೋ, ಅಲ್ಲಿಗಾ? ಆ ಏರಿಯಾ ಸರಿ ಇಲ್ಲ ಕಣ್ರೀ" ಅಂತಾರೆ. ನಮಗೂ ಹಾಗೇ ಹೇಳಿದ್ದರು. ಹಾಗೆ ಹೇಳಿದವರಲ್ಲಿ ಇಲ್ಲಿ ಮನೆ ಮಾಡಿ ಇದ್ದವರು ಒಬ್ಬರೂ ಇರಲಿಲ್ಲ.

ನಮ್ಮದು ಕೆಂಪು ಇಟ್ಟಿಗೆಯ ಸಾಲು ಮನೆ, ಎರಡು ಬೆಡ್‌ರೂಮು. 1990ರ ದಶಕದ ಕೊನೆಯಲ್ಲಿ ಕಟ್ಟಿದ್ದು. ಮುಂಬಾಗಿಲು ನೇರವಾಗಿ ಬೀದಿಗೆ ತೆರೆಯುತ್ತದೆ. ಮೆಟ್ಟಿಲ ಪಕ್ಕದ ಚೂರು ಜಾಗದಲ್ಲಿ ಕಸದ ಬಿನ್‌ಗಳು, ಜೊತೆಗೆ ನನ್ನ ಕುಂಡಗಳು. ಗಿಡ, ಮಣ್ಣು ಎಲ್ಲವನ್ನೂ ಇಲ್ಲಿನ ಜನರೇ ಸೇರಿ ನಡೆಸುವ ಹ್ಯೂಮ್ ಕಮ್ಯುನಿಟಿ ಗಾರ್ಡನ್ ಸೆಂಟರ್‌ನಿಂದ ತಂದಿದ್ದು. ಮೆಂತ್ಯ ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತದೆ, ಕೊತ್ತಂಬರಿ ಬೇಗ ಹೂ ಬಿಟ್ಟುಬಿಡುತ್ತದೆ. ಅಡುಗೆಮನೆ ಕಿಟಕಿ ಬೀದಿ ಕಡೆಗಿದೆ. ಒಗ್ಗರಣೆ ಹಾಕುತ್ತಾ ನಿಂತರೆ ಯಾರು ಬಂದರು, ಯಾರು ಹೋದರು, ಯಾರ ಮಕ್ಕಳು ಇನ್ನೂ ಸ್ಕೂಲಿಂದ ಬಂದಿಲ್ಲ, ಎಲ್ಲಾ ಕಾಣುತ್ತದೆ. ಹೊರಗಿನವರಿಗೂ ನಾವು ಕಾಣುತ್ತೇವೆ. ರಾತ್ರಿ ಪಾಳಿ ಮುಗಿಸಿ ಕತ್ತಲಲ್ಲಿ ನಡೆದು ಬರುವಾಗ ಇದರ ಬೆಲೆ ಗೊತ್ತಾಗುತ್ತದೆ. ಬೀದಿಯ ಎರಡೂ ಕಡೆ ಬೆಳಕಿರುವ ಕಿಟಕಿಗಳಿರುತ್ತವೆ. ನನಗೆ ಇಲ್ಲಿ ಒಂದು ದಿನವೂ ಭಯ ಆಗಿಲ್ಲ.

ಕಿಟಕಿ ಬೀದಿಗಿರುವುದರಲ್ಲಿ ಏನು ವಿಶೇಷ ಅನ್ನಿಸಬಹುದು. ಇದೇ ಊರಿನಲ್ಲಿ ಅದನ್ನು ಒಮ್ಮೆ ಪೂರ್ತಿ ಕಿತ್ತುಹಾಕಿದ್ದರು. ಆ ಕಥೆ ಗೊತ್ತಿಲ್ಲದೆ ಹ್ಯೂಮ್‌ನ ಮನೆಗೆ ಮಾರ್ಕ್ಸ್ ಹಾಕುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಹ್ಯೂಮ್ ಕಾರ್ಖಾನೆ ಕೆಲಸಗಾರರ ಊರು. ಗಿರಣಿ, ಫೌಂಡ್ರಿ, ಎಂಜಿನಿಯರಿಂಗ್ ವರ್ಕ್ಸ್‌ಗಳ ನಡುವೆ ಒತ್ತೊತ್ತಾಗಿ ಮನೆಗಳ ಸಾಲು. ಹೆನ್ರಿ ರಾಯ್ಸ್ ತನ್ನ ಮೊದಲ ಕಾರುಗಳನ್ನು ಕಟ್ಟಿದ್ದು ಇಲ್ಲಿಯ ಕುಕ್ ಸ್ಟ್ರೀಟ್ ವರ್ಕ್‌ಶಾಪಿನಲ್ಲಿ. 1904ರಲ್ಲಿ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಅವನಿಗೂ ಚಾರ್ಲ್ಸ್ ರೋಲ್ಸ್‌ಗೂ ಭೇಟಿಯಾಯಿತು, ಮುಂದೆ ಅದೇ ರೋಲ್ಸ್-ರಾಯ್ಸ್ ಆಯಿತು. ಇವತ್ತಿಗೂ ಇಲ್ಲಿ ರೋಲ್ಸ್ ಕ್ರೆಸೆಂಟ್, ರಾಯ್ಸ್ ರೋಡ್ ಎಂಬ ಬೀದಿಗಳಿವೆ. ಆ ಕಾರು ಕಟ್ಟಿದ ಕೈಗಳು ರಾತ್ರಿ ಮಲಗುತ್ತಿದ್ದ ಮನೆಗಳು ಮಾತ್ರ ಕೆಟ್ಟದಾಗಿದ್ದವು. ಕೆಳಗೆ ಎರಡು ಕೋಣೆ, ಮೇಲೆ ಎರಡು ಕೋಣೆ. ಕಕ್ಕಸು ಹಿತ್ತಲಲ್ಲಿ. ಗೋಡೆಗೆ ತೇವ, ಗಾಳಿಗೆ ಹೊಗೆ. ಅವು ಹೋಗಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ, ಮುಖ್ಯವಾಗಿ 1960ರ ದಶಕದಲ್ಲಿ, ಬುಲ್ಡೋಜರ್ ಬಂತು. ಕೆಡವಿದ್ದು ಮನೆಗಳನ್ನಷ್ಟೇ ಅಲ್ಲ. ಸ್ಟ್ರೆಟ್‌ಫರ್ಡ್ ರೋಡ್ ಅಂದರೆ ಈ ಕಡೆಯ ಜನಕ್ಕೆ ದೊಡ್ಡ ಪೇಟೆ ಬೀದಿ. ಅಂಗಡಿ, ಪಬ್ಬು, ಚರ್ಚು, ಎಲ್ಲಾ ಅಲ್ಲೇ. ಅದರ ಅಂಗಡಿಸಾಲು ಹೋಯಿತು, ಅಗಲ ಮಾಡಿದ ಪ್ರಿನ್ಸೆಸ್ ರೋಡ್ ಅದನ್ನು ಎರಡು ತುಂಡು ಮಾಡಿತು. 1967ರಲ್ಲಿ ಕಂಬಗಳ ಮೇಲೆ ಮಂಕ್ಯೂನಿಯನ್ ವೇ ಎಂಬ ಹೆದ್ದಾರಿ ಬಂದು ಊರ ಮಧ್ಯಕ್ಕೂ ಹ್ಯೂಮ್‌ಗೂ ನಡುವೆ ಅಡ್ಡ ನಿಂತಿತು. ಅಕ್ಕಪಕ್ಕ ಇದ್ದವರು ಚದುರಿಹೋದರು. ದೂರದ ಬಡಾವಣೆಗಳಿಗೆ ಹೋದರು, ಕೆಲವರು ವಿದನ್‌ಶಾಗೆ, ಕೆಲವರು ಹ್ಯಾಟರ್ಸ್‌ಲಿಗೆ, ಕೆಲವರು ಲ್ಯಾಂಗ್ಲಿಗೆ.

ಆ ಖಾಲಿ ಜಾಗದಲ್ಲಿ ಎದ್ದದ್ದೇ ಹ್ಯೂಮ್ ಕ್ರೆಸೆಂಟ್ಸ್. 1972ರಲ್ಲಿ ತಯಾರಾಯಿತು. ಅರ್ಧಚಂದ್ರದ ಆಕಾರದ ನಾಲ್ಕು ಉದ್ದುದ್ದ ಕಾಂಕ್ರೀಟ್ ಕಟ್ಟಡಗಳು. ಹ್ಯೂ ವಿಲ್ಸನ್ ಮತ್ತು ಲೂಯಿಸ್ ವೊಮರ್ಸ್‌ಲಿ ಅವರ ಸಂಸ್ಥೆಯ ವಿನ್ಯಾಸ. ಬಾತ್ ಊರಿನಲ್ಲಿ ಶ್ರೀಮಂತರಿಗೆ ಕಟ್ಟಿದ ಹಳೆಯ ಕ್ರೆಸೆಂಟ್‌ಗಳ ಅಂದವನ್ನು ಕೆಲಸಗಾರರಿಗೂ ಕೊಡಬೇಕೆಂಬ ಆಸೆ ಅವರದು. ಕಟ್ಟಡಗಳಿಗೂ ಹಳೆಯ ವಾಸ್ತುಶಿಲ್ಪಿಗಳ ಹೆಸರೇ: ರಾಬರ್ಟ್ ಆಡಮ್, ಜಾನ್ ನ್ಯಾಶ್, ಚಾರ್ಲ್ಸ್ ಬ್ಯಾರಿ, ವಿಲಿಯಂ ಕೆಂಟ್. ಮನೆ ಬಾಗಿಲುಗಳು ಬೀದಿಗೆ ತೆರೆಯುತ್ತಿರಲಿಲ್ಲ. ಪ್ರತಿ ಹಂತದಲ್ಲೂ ಉದ್ದಕ್ಕೆ ಹೋಗುವ ಕಾರಿಡಾರ್, ಅದಕ್ಕೆ ಡೆಕ್ ಅಂತ ಹೆಸರು. ಅದೇ ಬೀದಿ ಅಂದುಕೊಳ್ಳಿ ಅಂದರು. ಸುತ್ತಲಿನ ಇದೇ ಮಾದರಿಯ ಕಟ್ಟಡಗಳೂ ಸೇರಿ 3,000ಕ್ಕೂ ಹೆಚ್ಚು ಮನೆಗಳು, 13,000 ಜನಕ್ಕೆ ಜಾಗ.

ಆ ಮನೆಗಳಲ್ಲಿ ಬದುಕು ಹೇಗಿತ್ತು ಅನ್ನುವುದನ್ನು ನನಗೆ ತಿಳಿಸಿದ್ದು ನಮ್ಮ ಸಾಲಿನ ಒಬ್ಬ ಅಜ್ಜಿ. ಜಮೈಕಾದಿಂದ ಚಿಕ್ಕ ವಯಸ್ಸಿನಲ್ಲಿ ಬಂದವರು. ಹಳೆಯ ಸಾಲು ಮನೆ, ಕ್ರೆಸೆಂಟ್, ಈಗಿನ ಮನೆ, ಮೂರರಲ್ಲೂ ಇದ್ದವರು. ಮೊದಲ ದಿನ ಕ್ರೆಸೆಂಟ್ ಮನೆಗೆ ಕಾಲಿಟ್ಟಾಗ ಖುಷಿಯಿಂದ ಅತ್ತಿದ್ದರಂತೆ. ಒಳಗೇ ಬಚ್ಚಲು, ಬಿಸಿನೀರು, ದೊಡ್ಡ ಕೋಣೆ, ತುಂಬಾ ಬೆಳಕು. ನೆಲವೇ ಬೆಚ್ಚಗೆ. ಬರಿಗಾಲಲ್ಲಿ ಓಡಾಡುತ್ತಿದ್ದರಂತೆ ಮಕ್ಕಳು.

ಆ ಬೆಚ್ಚಗಿನ ನೆಲವೇ ಮುಂದೆ ತೊಂದರೆ ಕೊಟ್ಟಿತು. ಹೀಟಿಂಗ್ ನೆಲದಡಿಯ ವಿದ್ಯುತ್ತಿನಿಂದ ನಡೆಯುತ್ತಿತ್ತು. 1973ರಲ್ಲಿ ತೈಲ ಬಿಕ್ಕಟ್ಟು ಬಂತು, ಕರೆಂಟ್ ಬಿಲ್ ಕೈಗೆ ಸಿಗದಷ್ಟು ಏರಿತು. ಜನ ಹೀಟಿಂಗ್ ಆರಿಸಿದರು. ತಣ್ಣಗಾದ ಕಾಂಕ್ರೀಟ್ ಗೋಡೆಗೆ ಅಡುಗೆಯ ಹಬೆ, ಒಣಹಾಕಿದ ಬಟ್ಟೆಯ ತೇವ, ಉಸಿರಿನ ತೇವ ಎಲ್ಲಾ ಹೋಗಿ ಕೂತಿತು. ಗಾಳಿಯಾಡಲು ಸರಿಯಾದ ದಾರಿಯಿಲ್ಲ. ಬೂಸ್ಟು ಹಿಡಿಯಿತು. ಕಟ್ಟಡದ ಉದ್ದಕ್ಕೂ ಪೈಪು ಹೋಗುವ ಡಕ್ಟ್‌ಗಳಿದ್ದವು, ಜಿರಳೆ, ಇಲಿಗಳು ಅದರಲ್ಲೇ ಮನೆಯಿಂದ ಮನೆಗೆ ಹೋಗುತ್ತಿದ್ದವು. ಒಬ್ಬರ ಮನೆಗೆ ಔಷಧಿ ಹೊಡೆದರೆ ಪಕ್ಕದ ಮನೆಗೆ, ಅಲ್ಲಿ ಹೊಡೆದರೆ ಮತ್ತೆ ಇಲ್ಲಿಗೆ. ಅಜ್ಜಿ ಹೇಳುವುದು ಕೇಳಿ: "ಗೋಡೆ ಒರೆಸುವುದು ನನಗೆ ದಿನದ ಕೆಲಸವಾಯಿತು. ಆಫೀಸಿಗೆ ಹೋಗಿ ಹೇಳಿದರೆ ಕಿಟಕಿ ತೆಗೆದಿಡಿ ಅನ್ನೋರು. ಜನವರಿ ತಿಂಗಳಲ್ಲಿ!"

1974ರಲ್ಲಿ ಒಂದು ಪುಟ್ಟ ಮಗು ಮೇಲಿನ ಬಾಲ್ಕನಿಯಿಂದ ಬಿದ್ದು ತೀರಿಕೊಂಡಿತು. ಮಕ್ಕಳಿರುವ ಕುಟುಂಬಗಳು ನಮ್ಮನ್ನು ಇಲ್ಲಿಂದ ಬೇರೆಡೆಗೆ ಕಳಿಸಿ ಅಂತ ಸಹಿ ಹಾಕಿ ಕೊಟ್ಟವು. ಕಟ್ಟಿ ಎರಡು ಮೂರು ವರ್ಷ ಅಷ್ಟೇ ಆಗಿತ್ತು. ಆ ದಶಕ ಮುಗಿಯುವ ಹೊತ್ತಿಗೆ ಇದು ಮಕ್ಕಳಿಗೆ ತಕ್ಕ ಜಾಗವಲ್ಲ ಅಂತ ಕೌನ್ಸಿಲ್ (ಇಲ್ಲಿನ ನಗರಾಡಳಿತ) ಕೂಡ ಒಪ್ಪಿಕೊಂಡು ಕುಟುಂಬಗಳನ್ನು ಹೊರಗೆ ಕಳಿಸತೊಡಗಿತು. ಖಾಲಿಯಾದ ಮನೆಗಳಿಗೆ ವಿದ್ಯಾರ್ಥಿಗಳು, ಕಲಾವಿದರು, ಸಂಗೀತಗಾರರು, ಬೇರೆಲ್ಲೂ ಜಾಗ ಸಿಗದವರು ಬಂದರು. 1978ರಲ್ಲಿ ರಾಯ್ಸ್ ರೋಡಿನ ರಸೆಲ್ ಕ್ಲಬ್ಬಿನಲ್ಲಿ ಶುರುವಾದ 'ಫ್ಯಾಕ್ಟರಿ' ಸಂಗೀತ ರಾತ್ರಿಗಳಿಂದಲೇ ಮ್ಯಾಂಚೆಸ್ಟರ್‌ನ ಹೆಸರಾಂತ ಸಂಗೀತ ಕಂಪನಿ ಫ್ಯಾಕ್ಟರಿ ರೆಕಾರ್ಡ್ಸ್ ಹುಟ್ಟಿದ್ದು. ಆ ಕಾಲದ ಫೋಟೋಗಳನ್ನು ಜನ ಈಗ ತುಂಬಾ ಪ್ರೀತಿಯಿಂದ ಹಂಚಿಕೊಳ್ಳುತ್ತಾರೆ. ಸರಿ, ಆದರೆ ಆ ಫೋಟೋದಲ್ಲಿ ಬೂಸ್ಟಿನ ವಾಸನೆ ಬರುವುದಿಲ್ಲ.

1990ರ ದಶಕದ ಮೊದಲರ್ಧದಲ್ಲಿ ಕ್ರೆಸೆಂಟ್‌ಗಳನ್ನೂ ಕೆಡವಿದರು. ಬಾಳಿದ್ದು ಇಪ್ಪತ್ತು ವರ್ಷದ ಆಸುಪಾಸು. ಸ್ಲಮ್ ಅಂತ ಕೆಡವಿದ ಹಳೆಯ ಮನೆಗಳೇ ಅದಕ್ಕಿಂತ ಎಷ್ಟೋ ಜಾಸ್ತಿ ಬಾಳಿದ್ದವು.

"ಅಲ್ಲಿಯ ಜನರೇ ಸರಿ ಇರಲಿಲ್ಲ" ಎಂಬ ಮಾತು ಆಗ ಹುಟ್ಟಿದ್ದು, ಇವತ್ತಿಗೂ ನಮ್ಮವರ ಬಾಯಲ್ಲಿ ಓಡಾಡುತ್ತಿದೆ. ಅದು ನನಗೆ ನಿಜವಾಗಿ ನೋವು ಕೊಡುತ್ತದೆ. ಬಿಲ್ ಕಟ್ಟಲಾಗದ ಹೀಟಿಂಗ್ ಹಾಕಿದ್ದು ಜನರಲ್ಲ. ಡಕ್ಟ್ ಜೋಡಿಸಿದ್ದು ಜನರಲ್ಲ. ಹಲಗೆ ಹಲಗೆಯಾಗಿ ಕಾಂಕ್ರೀಟ್ ತಂದು ಅವಸರದಲ್ಲಿ ಕಟ್ಟಿಸಿದ್ದೂ ಅವರಲ್ಲ. ಅವರು ದೂರು ಕೊಟ್ಟರು, ಸಹಿ ಹಾಕಿದರು, ಮತ್ತೆ ಮತ್ತೆ ಹೇಳಿದರು. ಕೇಳುವವರು ಬೇಕಿತ್ತು.

ಹಾಗಂತ ಎಲ್ಲಾ ತಪ್ಪನ್ನೂ ಡೆಕ್ ಮೇಲೆ ಹೊರಿಸಲೂ ನನಗೆ ಮನಸ್ಸಿಲ್ಲ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ 'ಹೋಮ್ಸ್ ಫಾರ್ ಚೇಂಜ್' ಎಂಬ ಸಹಕಾರಿ ವಸತಿ ಇದೆ. ಕ್ರೆಸೆಂಟ್‌ಗಳಲ್ಲಿದ್ದ ಜನರೇ ಸೇರಿ, ವಾಸ್ತುಶಿಲ್ಪಿಗಳ ಜೊತೆ ಕೂತು, ಹೀಗೆ ಬೇಕು ಅಂತ ಹೇಳಿ ಕಟ್ಟಿಸಿಕೊಂಡದ್ದು. ಮೊದಲ ಹಂತ 1996ರಲ್ಲಿ ಮುಗಿಯಿತು. ಅಲ್ಲಿ ಡೆಕ್ ಇದೆ! ನಡುವೆ ಅಂಗಳ, ಸುತ್ತ ಕಾರಿಡಾರ್. ಅದು ತಮಗೇ ಬೇಕು ಅಂತ ಅವರು ಕೇಳಿ ಇಡಿಸಿಕೊಂಡರು. ಹೋಗಿ ನೋಡಿ, ಪ್ರತಿ ಬಾಗಿಲ ಮುಂದೆ ಗಿಡ, ಸೈಕಲ್ಲು. 'ರೆಡ್‌ಬ್ರಿಕ್ಸ್' ಅಂತ ಎಲ್ಲರೂ ಕರೆಯುವ ಬೆಂಟ್ಲಿ ಹೌಸ್ ಎಸ್ಟೇಟ್ ಇನ್ನೊಂದು. ಅದನ್ನು ಕಟ್ಟಿದ್ದು 1940ರ ದಶಕದಲ್ಲಿ. ಅದೂ ಕೌನ್ಸಿಲ್ ಕಟ್ಟಿಸಿದ ಫ್ಲ್ಯಾಟ್‌ಗಳೇ. ಇಟ್ಟಿಗೆ ಕಟ್ಟಡ, ಚಿಕ್ಕ ಬ್ಲಾಕ್‌ಗಳು. ಇವತ್ತಿಗೂ ಗಟ್ಟಿಯಾಗಿ ನಿಂತಿವೆ, ಅಲ್ಲಿನವರು ಅದನ್ನು ಬಿಟ್ಟುಕೊಡುವವರಲ್ಲ.

ಈಗಿನ ಹ್ಯೂಮ್ ರೂಪುಗೊಂಡದ್ದು 1992ರ ಸಿಟಿ ಚಾಲೆಂಜ್ ಯೋಜನೆಯಿಂದ. ಸರ್ಕಾರ 3 ಕೋಟಿ 75 ಲಕ್ಷ ಪೌಂಡ್ ಕೊಟ್ಟಿತು, ಖಾಸಗಿ ಹಣವೂ ಸೇರಿತು. 1994ರಲ್ಲಿ ಒಂದು ವಿನ್ಯಾಸ ಮಾರ್ಗಸೂಚಿ ಬಂತು. ಬಾಗಿಲು ಬೀದಿಗಿರಲಿ, ಬೀದಿಗಳು ಒಂದಕ್ಕೊಂದು ಸೇರಲಿ, ಮನೆ ಅಂಗಡಿ ಎಲ್ಲಾ ಬೆರೆತಿರಲಿ ಅನ್ನುವುದು ಅದರ ಸಾರ. ತುಂಡಾಗಿದ್ದ ಸ್ಟ್ರೆಟ್‌ಫರ್ಡ್ ರೋಡನ್ನು 1997ರಲ್ಲಿ ಹ್ಯೂಮ್ ಆರ್ಚ್ ಸೇತುವೆ ಮತ್ತೆ ಜೋಡಿಸಿತು. ಸಂಜೆ ಆ ಬೆಳ್ಳಿ ಬಣ್ಣದ ಕಮಾನಿನ ಕೆಳಗೆ ನಡೆದು ಬರುವುದು ನನಗೆ ಇಷ್ಟ. ಆದರೆ ಹಳೆಯ ಪೇಟೆ ಬೀದಿ ಮಾತ್ರ ವಾಪಸ್ ಬರಲಿಲ್ಲ. ದೊಡ್ಡ ಸೂಪರ್‌ಮಾರ್ಕೆಟ್ ಇದೆ, ಸಾಲು ಅಂಗಡಿಗಳಿಲ್ಲ. ದಿನಾ ಓಡಾಡುವವರಿಗೆ ಇದೊಂದು ಕೊರತೆಯೇ.

ಇನ್ನು ನಮ್ಮ ದೂರು. ಮನೆ ಬೆಚ್ಚಗಿಡುವ ಬಾಯ್ಲರ್ ಒಂದು ಚಳಿಗಾಲದಲ್ಲಿ ನಿಂತುಹೋಯಿತು. ಮಾಲೀಕರ ಪರವಾಗಿ ಬಾಡಿಗೆ ಮನೆ ನೋಡಿಕೊಳ್ಳುವ ಲೆಟಿಂಗ್ ಏಜೆಂಟ್‌ಗೆ ಮೇಲ್ ಮೇಲೆ ಮೇಲ್ ಹಾಕಿದೆವು. ಉತ್ತರ ಬರುತ್ತಿತ್ತು, ರಿಪೇರಿಯವರು ಬರುತ್ತಿರಲಿಲ್ಲ. ಮಗು ಸ್ವೆಟರ್ ಹಾಕಿಕೊಂಡೇ ಮಲಗುತ್ತಿತ್ತು. ಅಷ್ಟರಲ್ಲಿ ಹಿಂದಿನ ಬೆಡ್‌ರೂಮಿನ ಮೂಲೆಯಲ್ಲಿ, ವಾರ್ಡ್‌ರೋಬ್ ಹಿಂದೆ, ಕಪ್ಪು ಚುಕ್ಕಿಗಳು ಎದ್ದವು. ಫೋಟೋ ಕಳಿಸಿದರೆ ಬಂದ ಉತ್ತರ, ಬಟ್ಟೆ ಒಳಗೆ ಒಣಹಾಕಬೇಡಿ, ಕಿಟಕಿ ತೆಗೆದಿಡಿ. ಅಜ್ಜಿಗೆ ತೋರಿಸಿದೆ. ಓದಿ ಫೋನ್ ವಾಪಸ್ ಕೊಟ್ಟು, "ಅದೇ ಮಾತು, ಅಕ್ಷರ ಅಕ್ಷರ ಅದೇ" ಅಂದರು. ಕಡೆಗೆ ಕೌನ್ಸಿಲ್‌ಗೆ ದೂರು ಕೊಡುತ್ತೇವೆ ಅಂತ ಬರೆದ ಮೇಲೆ ರಿಪೇರಿಯಾಯಿತು. ಈಗ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಇಟ್ಟಿದ್ದೇವೆ, ವಾರ್ಡ್‌ರೋಬನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಿದ್ದೇವೆ. ಬೂಸ್ಟು ಮತ್ತೆ ಬಂದಿಲ್ಲ.

ಬೂಸ್ಟನ್ನು ಸುಮ್ನೆ ಬಿಡಬೇಡಿ ಅಂತ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಇಲ್ಲಿಗೆ ಹತ್ತಿರದ ರೋಚ್‌ಡೇಲ್‌ನಲ್ಲಿ 2020ರಲ್ಲಿ ಎರಡು ವರ್ಷದ ಒಂದು ಮಗು ಬೂಸ್ಟು ಹಿಡಿದ ಫ್ಲ್ಯಾಟಿನಿಂದಾಗಿ ಉಸಿರಾಟದ ತೊಂದರೆಯಾಗಿ ತೀರಿಕೊಂಡಿತು. ತಂದೆತಾಯಿ ದೂರು ಕೊಟ್ಟೇ ಇದ್ದರು. ಆ ಮಗುವಿನ ಹೆಸರಿನ ಅವಾಬ್ ಕಾನೂನು 2025ರ ಅಕ್ಟೋಬರ್‌ನಿಂದ ಸಾಮಾಜಿಕ ವಸತಿ ಮನೆಗಳಿಗೆ, ಅಂದರೆ ಕೌನ್ಸಿಲ್ ಅಥವಾ ವಸತಿ ಸಂಸ್ಥೆಗಳು ಬಾಡಿಗೆಗೆ ಕೊಡುವ ಮನೆಗಳಿಗೆ, ಜಾರಿಯಾಗಿದೆ. ಬೂಸ್ಟಿನ ದೂರು ಬಂದರೆ ಗೊತ್ತುಪಡಿಸಿದ ದಿನಗಳೊಳಗೆ ಬಂದು ನೋಡಲೇಬೇಕು. ಹಾಗಾಗಿ ಏನಿದ್ದರೂ ಬರವಣಿಗೆಯಲ್ಲಿ ಕೊಡಿ, ತಾರೀಖು ಹಾಕಿ, ಫೋಟೋ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ.

ಈಗಿನ ಆತಂಕ ಬೇರೆ. ಬಾಡಿಗೆ ವರ್ಷ ವರ್ಷ ಏರುತ್ತಿದೆ. ಇಲ್ಲಿನ ಬರ್ಲಿ ಫೀಲ್ಡ್ಸ್‌ನಲ್ಲಿ 2014ರಲ್ಲಿ ಯೂನಿವರ್ಸಿಟಿ ಕ್ಯಾಂಪಸ್ ಬಂತು. ಅದಾದ ಮೇಲೆ ವಿದ್ಯಾರ್ಥಿಗಳಿಗೆ ಅಂತಲೇ ಕಟ್ಟುವ ಎತ್ತರದ ಬ್ಲಾಕ್‌ಗಳ ಕಣ್ಣು ಈ ಕಡೆ ಬಿದ್ದಿದೆ. ಬೌಂಡರಿ ಲೇನ್‌ನ ಹಳೆಯ ಪಬ್ ಜಾಗದಲ್ಲಿ ಅಂಥದ್ದೊಂದು ಬರುತ್ತದೆ ಅಂದಾಗ ಪಕ್ಕದ ಹಾಪ್ಟನ್ ಕೋರ್ಟ್ ಎಂಬ ಫ್ಲ್ಯಾಟ್ ಕಟ್ಟಡದ ವಯಸ್ಸಾದ ನಿವಾಸಿಗಳು ವರ್ಷಗಟ್ಟಲೆ ಬೇಡ ಅಂತ ಹೋರಾಡಿದರು. ನಮ್ಮ ಮಕ್ಕಳು ಓದಲು ಬಂದು ಅಂಥ ರೂಮುಗಳಲ್ಲೇ ಇರುತ್ತಾರೆ, ಅವರಿಗೂ ಜಾಗ ಬೇಕು, ನಿಜ. ಆದರೆ ಒಮ್ಮೆ ಊರೆಲ್ಲಾ ಎದ್ದುಹೋಗಿ ವಾಪಸ್ ಬಂದವರನ್ನು ಬಾಡಿಗೆಯ ನೆಪದಲ್ಲಿ ಮತ್ತೆ ಎಬ್ಬಿಸುವುದು ಅನ್ಯಾಯ.

ಕುಟುಂಬ ಇದ್ದವರಿಗೆ, ಆಸ್ಪತ್ರೆ ಅಥವಾ ಯೂನಿವರ್ಸಿಟಿ ಕೆಲಸದವರಿಗೆ ಧೈರ್ಯವಾಗಿ ಹೇಳುತ್ತೇನೆ, ಬನ್ನಿ. ಮನೆ ನೋಡಲು ಬಿಸಿಲಿರುವಾಗ ಹೋಗಬೇಡಿ, ಮಳೆ ಬಂದ ಮರುದಿನ ಹೋಗಿ. ವಾರ್ಡ್‌ರೋಬ್ ಸರಿಸಿ ಹಿಂದಿನ ಗೋಡೆ ಮುಟ್ಟಿ ನೋಡಿ. ಬಾಯ್ಲರ್ ಆನ್ ಮಾಡಿಸಿ ಎಲ್ಲಾ ರೇಡಿಯೇಟರ್ ಬಿಸಿಯಾಗುವವರೆಗೆ ಕಾಯಿರಿ. ಆಮೇಲೆ ಪಕ್ಕದ ಮನೆ ಬಾಗಿಲು ತಟ್ಟಿ, ರಿಪೇರಿಗೆ ಹೇಳಿದರೆ ಎಷ್ಟು ದಿನಕ್ಕೆ ಬರುತ್ತಾರೆ ಅಂತ ಕೇಳಿ. ಏಜೆಂಟ್ ಹೇಳದ್ದನ್ನು ಅವರು ಹೇಳುತ್ತಾರೆ.