ತೋಟದ ರಸ್ತೆಗೆ ಹಳೆಯ ಡಸ್ಟರ್ ಕೊಳ್ಳಬಹುದೇ?

ಚಿಕ್ಕಮಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಎಸ್‌ಯುವಿ ಹುಡುಕುವವರು ರೆನೋ ಡಸ್ಟರ್ ಅನ್ನು ಇಂದಿಗೂ ವಿಚಾರಿಸುತ್ತಾರೆ. 2012ರಲ್ಲಿ ಮಾರುಕಟ್ಟೆಗೆ ಬಂದ ಆ ಮೊದಲ ಡಸ್ಟರ್ 2022ರಲ್ಲಿ ನಿಂತಿತು. ಡೀಸೆಲ್ ಎಂಜಿನ್ ಮಾತ್ರ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದ 2020ರಲ್ಲೇ ಮರೆಯಾಗಿತ್ತು.

ನನ್ನ ಮಟ್ಟಿಗೆ ಹುಡುಕಬೇಕಾದದ್ದು 1.5 ಲೀಟರ್ ಡೀಸೆಲ್‌ನ ಆಲ್‌ವೀಲ್‌ಡ್ರೈವ್ (ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಸಿಗುವ) ಮಾದರಿಯನ್ನೇ. ಕಡು ಏರಿಗೆ, ಕೆಸರಿಗೆ ಹೆಚ್ಚು ಎಳೆತ ಕೊಡುವ ಲೋ ರೇಂಜ್ ಗೇರು ಇಲ್ಲವಾದರೂ ನಿಧಾನ ವೇಗದಲ್ಲಿ ಬಲವಾಗಿ ಎಳೆಯುವ ಅದರ ಗಿಡ್ಡ ಮೊದಲ ಗೇರು ಮತ್ತು ಎರಡೂ ಚಕ್ರ ಬೇರೆ ಬೇರೆಯಾಗಿ ಏರಿಳಿಯುವ ಹಿಂಬದಿಯ ಸ್ವತಂತ್ರ ಸಸ್ಪೆನ್ಷನ್ ಆಲ್ದೂರು ಕಡೆಯ ಮಳೆಗಾಲದ ಕೆಸರಿಗೆ ಹೇಳಿ ಮಾಡಿಸಿದಂತಿವೆ.

ಆದರೆ ತೋಟದಲ್ಲಿ ದುಡಿದ ಗಾಡಿಯಾದರೆ ಡಿಕ್ಕಿಯ ಮ್ಯಾಟ್ ಎತ್ತಿ ನೋಡಲೇಬೇಕು. ಗೊಬ್ಬರದ ಮೂಟೆಯಿಂದ ಉದುರಿದ ಪುಡಿ ತೇವ ಹೀರಿಕೊಂಡು ತಗಡನ್ನು ತಿಂದಿದ್ದರೆ, ಹೊರಗಿನ ಪಾಲಿಶ್ ಎಷ್ಟು ಮಿಂಚಿದರೂ ಪ್ರಯೋಜನವಿಲ್ಲ. ಎಂಜಿನ್‌ನ ವಾಲ್ವ್‌ಗಳನ್ನು ಪಿಸ್ಟನ್‌ಗಳ ಲಯಕ್ಕೆ ಹೊಂದಿಸುವ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಕೇಳಬೇಕು, ಏಕೆಂದರೆ ಅದು ಓಡುವಾಗ ತುಂಡಾದರೆ ವಾಲ್ವ್‌ಗಳು ಬಾಗಿ ಎಂಜಿನ್ನೇ ಬಿಚ್ಚಬೇಕಾಗುತ್ತದೆ.

ನಿಸಾನ್ ಟೆರಾನೊ ಎಸ್‌ಯುವಿಗೂ ಇದೇ ಎಂಜಿನ್ ಇದ್ದುದರಿಂದ ಎಂಜಿನ್‌ನ ಬಿಡಿಭಾಗಗಳನ್ನು ಹುಡುಕುವುದು ಅಷ್ಟು ಕಷ್ಟವಲ್ಲ. ಆಲ್‌ವೀಲ್‌ಡ್ರೈವ್‌ನ ಭಾಗಗಳ ಮಾತು ಬೇರೆ. ಮುಂಗಡ ಕೊಡುವ ಮೊದಲೇ ಅವುಗಳ ಬೆಲೆಯನ್ನೂ ತರಿಸಲು ಬೇಕಾಗುವ ದಿನಗಳನ್ನೂ ಮೆಕ್ಯಾನಿಕ್ ಬಳಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಪೇಟೆಯೊಳಗಷ್ಟೇ ಓಡಾಡುವವರಿಗೆ ಈ ತಾಪತ್ರಯ ಬೇಕಿಲ್ಲ.