ಮೇಲುಕೋಟೆಯ ಎರಡು ಪಂಚೆ: ಆರು ವರ್ಷ ಉಟ್ಟ ಮೇಲೆ

ಪಂಚೆಗೆ ಎಂಥ ವಿಮರ್ಶೆ ಅಂತ ನಗಬೇಡಿ. ಇಪ್ಪತ್ತು ದಿನ ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನಿಗೆ ಎರಡು ಪುಟ ಬರೆಯುವವರಿದ್ದಾರೆ. ಆರು ವರ್ಷ ಸೊಂಟಕ್ಕೆ ಸುತ್ತಿಕೊಂಡಿದ್ದರ ಬಗ್ಗೆ ನಾನೂ ನಾಲ್ಕು ಮಾತು ಬರೆಯಬಹುದು.

ಮಾಲು ಏನೆಂದರೆ: ಕೈಮಗ್ಗದ ಬಿಳಿ ಹತ್ತಿ ಪಂಚೆ, ನಾಲ್ಕು ಮೊಳದ ಒಂಟಿ ಪಂಚೆ, ಎರಡು. ಒಂದಕ್ಕೆ ಬೆರಳಗಲದ ಹಸಿರು ಅಂಚು, ಇನ್ನೊಂದಕ್ಕೆ ಕಡುಗೆಂಪು, ಎರಡರಲ್ಲೂ ಕೂದಲೆಳೆಯಷ್ಟು ಜರಿ. 2019ರ ವೈರಮುಡಿ ಉತ್ಸವದ ಹೊತ್ತಿನಲ್ಲಿ ಮೇಲುಕೋಟೆಯಲ್ಲಿ ಕೊಂಡದ್ದು, ಎರಡೂ ಸೇರಿ ಸಾವಿರಕ್ಕೆ ಚೂರು ಮೇಲೆ. ಚೆಲುವನಾರಾಯಣನ ವೈರಮುಡಿ ಕಿರೀಟ ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಬೆಟ್ಟ ಹತ್ತಿ ಬಂತು. ನನ್ನ ಪಂಚೆಗಳು ಹಳೇ ಪೇಪರಿನಲ್ಲಿ ಸುತ್ತಿಸಿಕೊಂಡು ಅಪ್ಪನ ಕಂಕುಳಲ್ಲಿ ಬೆಟ್ಟ ಇಳಿದವು.

ಕೊಡಿಸಿದ್ದು ಅಪ್ಪ. ನನಗೆ ಬೇಕಿರಲಿಲ್ಲ. ಜೂನ್‌ನಲ್ಲಿ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಬೇಕಿತ್ತು. ಮೂರು ಫಾರ್ಮಲ್ ಪ್ಯಾಂಟು, ಒಂದು ಜೀನ್ಸು, ಕಪ್ಪು ಬೂಟು, ಇಷ್ಟೇ ತಲೆಯಲ್ಲಿ ಓಡುತ್ತಿದ್ದದ್ದು. “ರೂಮಲ್ಲಿ ಉಟ್ಕಳಕ್ಕೆ ಬೇಕಾಯ್ತದೆ ಮಡಿಕ್ಕೊ” ಅಂದ ಅಪ್ಪ. ಮಡಿಕ್ಕೊಂಡೆ. ಸೂಟ್‌ಕೇಸಿನ ತಳದಲ್ಲಿ, ಅಮ್ಮ ಕಟ್ಟಿಕೊಟ್ಟ ಹುರುಳಿಕಾಳಿನ ಕೆಳಗೆ.

ಮನೆ ಬಿಟ್ಟೆ ಅಂತ ಹೇಳಿಕೊಳ್ಳಲು ನನಗೆ ಸಂಕೋಚ. ನಮ್ಮೂರಿಂದ ಪಾಂಡವಪುರಕ್ಕೆ ಬಸ್ಸು, ಅಲ್ಲಿಂದ ಪ್ಯಾಸೆಂಜರ್ ರೈಲು ಹತ್ತಿದರೆ ಮೈಸೂರಿಗೆ ಒಂದು ಗಂಟೆಯೂ ಹಿಡಿಯುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ಎರಡು ಸಲ ದಾಟುತ್ತೀರಿ, ಅಷ್ಟೇ. ದುಬೈಗೆ ಹೋದವನು ಮನೆ ಬಿಟ್ಟವನು, ಬೆಂಗಳೂರಿಗೆ ಹೋದವನೂ ಒಂದು ಲೆಕ್ಕಕ್ಕೆ ಮನೆ ಬಿಟ್ಟವನೇ. ಮೈಸೂರಿಗೆ ಹೋದವನು ಸಂತೆಗೆ ಹೋದಂಗೆ ಅಂತ ನಾನೇ ಅಂದುಕೊಂಡಿದ್ದೆ.

ಹೊರಟ ದಿನ ಅಪ್ಪ ಗದ್ದೆಯಿಂದ ನೇರ ಬಸ್‌ಸ್ಟಾಪಿಗೆ ಬಂದ. ಪಂಚೆ ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿತ್ತು, ಕಾಲಲ್ಲಿ ಕೆಸರು ಇನ್ನೂ ಒಣಗಿರಲಿಲ್ಲ. ನಾನು ಹೊಸ ಪ್ಯಾಂಟಿನಲ್ಲಿ, ಇನ್‌ಶರ್ಟ್ ಮಾಡಿಕೊಂಡು ನಿಂತಿದ್ದೆ. ಬಸ್ಸು ತಿರುವಿನಲ್ಲಿ ಕಾಣಿಸಿದಾಗ ಅಪ್ಪ ನನ್ನನ್ನೊಮ್ಮೆ ನೋಡಿ, ಎತ್ತಿ ಕಟ್ಟಿದ್ದ ಪಂಚೆಯನ್ನು ಇಳಿಬಿಟ್ಟ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಷ್ಟ್ರು ಎದುರು ಬಂದರೆ, ಬೀಗರು ಬಂದರೆ, ಬ್ಯಾಂಕಿನವರು ಬಂದರೆ ಪಂಚೆ ಇಳಿಬಿಡುತ್ತಾರೆ. ಮಗನ ಮುಂದೆ ಯಾರೂ ಇಳಿಬಿಡುವುದಿಲ್ಲ. ಅಪ್ಪನಿಗೆ ಅದು ಗೊತ್ತಿತ್ತೋ ಇಲ್ಲವೋ, ಕೈ ತಾನಾಗಿ ಹೋಯಿತೋ ಏನೋ. ಬಸ್ಸು ಹತ್ತಿ ಕೂತ ಮೇಲೆ ನನ್ನ ಹೊಸ ಪ್ಯಾಂಟಿನ ಮೇಲೆ ನನಗೇ ಸಿಟ್ಟು ಬಂತು.

ಇರಲಿ, ಪಂಚೆಗೆ ಬರೋಣ.

ಮೊದಲ ತಿಂಗಳು ಈ ಪಂಚೆ ಯಾರಿಗೂ ಇಷ್ಟವಾಗುವುದಿಲ್ಲ. ನೇಯುವಾಗ ಹಾಸಿನ ಎಳೆ ಕಡಿಯದಿರಲಿ ಎಂದು ನೂಲಿಗೆ ಗಂಜಿ ಹಾಕಿರುತ್ತಾರೆ, ಅದು ಬಟ್ಟೆಯಲ್ಲೇ ಉಳಿದಿರುತ್ತದೆ. ಹೊಸ ಪಂಚೆ ರಟ್ಟಿನ ಹಾಗೆ ಸೆಟೆದು ನಿಂತು ಸೊಂಟದಿಂದ ಜಾರುತ್ತದೆ. ಪಿ.ಜಿ.ಯಲ್ಲಿ ಮೊದಲ ಸಲ ಉಟ್ಟಾಗ ಮೇಲೆ ಬೆಲ್ಟು ಬಿಗಿದುಕೊಂಡೇ ಮಲಗಿದ್ದೆ. ನಾಲ್ಕೈದು ಒಗೆತ ಕಳೆದ ಮೇಲೆ ಗಂಜಿ ಬಿಟ್ಟು ನೂಲು ಸಡಿಲವಾಗಿ, ಬಟ್ಟೆಗೆ ಬಟ್ಟೆಯೇ ಹಿಡಿತವಾಗುತ್ತದೆ. ಆಮೇಲೆ ಬರೀ ಸೊಂಟಕ್ಕೆ ಸಿಕ್ಕಿಸಿದರೂ ಚಾಮುಂಡಿ ಬೆಟ್ಟದ 1,008 ಮೆಟ್ಟಿಲು ಹತ್ತಿ ಬರಬಹುದು. ನಾನು ಹತ್ತಿದ್ದೇನೆ.

ಉದ್ದದಲ್ಲಿ ಕುಗ್ಗುತ್ತದೆ. ನಾಲ್ಕು ಮೊಳ ಅಂದರೆ ಸುಮಾರು 1.8 ಮೀಟರ್, ನನ್ನವು ಮೊದಲ ಎರಡು ಒಗೆತಕ್ಕೆ ನಾಲ್ಕು ಬೆರಳು ಕಳೆದುಕೊಂಡವು, ಅಲ್ಲಿಗೆ ನಿಂತಿತು. ಹೊಟ್ಟೆ ಇರುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. 2019ರಲ್ಲಿ ನನಗೆ ಹೊಟ್ಟೆ ಇರಲಿಲ್ಲ.

ಕೊಳ್ಳುವಾಗ ಅಂಗಡಿಯವರು “ಎಂಬತ್ತು ಕೌಂಟ್” ಅಂದಿದ್ದರು. ಆಗ ಅರ್ಥವಾಗದೆ ತಲೆಯಾಡಿಸಿದ್ದೆ. ಕೌಂಟ್ ಹೆಚ್ಚಿದಷ್ಟೂ ನೂಲು ಸಣ್ಣ. 840 ಗಜದ ಎಷ್ಟು ಲಡಿ ಸೇರಿದರೆ ಒಂದು ಪೌಂಡ್ ತೂಗುತ್ತದೆ ಅನ್ನುವುದೇ ಆ ಲೆಕ್ಕ. ಎಂಬತ್ತರ ನೂಲನ್ನು ಒಂದು ಪೌಂಡ್ ಬಿಚ್ಚಿ ಎಳೆದರೆ 61 ಕಿಲೋಮೀಟರ್ ಆಗುತ್ತದೆ: ಮೇಲುಕೋಟೆಯಲ್ಲಿ ತುದಿ ಕಟ್ಟಿ ಮೈಸೂರಿಗೆ ಬಂದರೂ ಇನ್ನೂ ಕೈಯಲ್ಲಿ ಮಿಗುತ್ತದೆ. ಲೆಕ್ಕ ಬರೆಯುವವನು, ಇಂಥದ್ದು ತಲೆಗೆ ಬಂದರೆ ಬಿಡಲಾಗುವುದಿಲ್ಲ.

ಕೈಮಗ್ಗ ಅಂತ ಪವರ್‌ಲೂಮಿನದನ್ನು ದಾಟಿಸುವವರಿದ್ದಾರೆ. ಅಂಚಿನ ಉದ್ದಕ್ಕೂ ಸೂಜಿ ಚುಚ್ಚಿದಂಥ ಸಣ್ಣ ತೂತುಗಳನ್ನು ಹುಡುಕಿ ನೋಡಿ. ನೇಯುವಾಗ ಪನ್ನ ಕುಗ್ಗದಂತೆ ಬಟ್ಟೆಯನ್ನು ಅಗಲಕ್ಕೆ ಎಳೆದು ಹಿಡಿಯುವ ಕಡ್ಡಿಯ ಮೊಳೆಗಳ ಗುರುತು ಅದು. ಅವುಗಳ ಅಂತರ ಒಂದೇ ಸಮ ಇರುವುದಿಲ್ಲ, ನೇಕಾರ ಕಡ್ಡಿಯನ್ನು ಆಗಾಗ ಕೈಯಲ್ಲೇ ಕಿತ್ತು ಮುಂದಿಡುತ್ತಾನೆ. ಅದೊಂದನ್ನೇ ನಂಬಿಕೊಳ್ಳಬೇಡಿ, 2006ರಿಂದ ಬಂದಿರುವ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿಯನ್ನೂ ಕೇಳಿ. ಕೈಮಗ್ಗಕ್ಕೇ ಮೀಸಲು ಅಂತ ಕೆಲವು ಬಟ್ಟೆಗಳನ್ನು ಕಾಯ್ದಿಡುವ ಕಾನೂನು 1985ರಿಂದಲೇ ಇದೆ, ಆ ಪಟ್ಟಿಯಲ್ಲಿ ಸೀರೆ, ಟವೆಲ್ಲು, ಲುಂಗಿಗಳ ಜೊತೆ ಪಂಚೆಯೂ ಇದೆ. ಸಂತೆಗೆ ಹೋಗಿ ನೋಡಿದರೆ ಹಾಗೊಂದು ಕಾನೂನಿದೆ ಅನ್ನಿಸುವುದಿಲ್ಲ. ಖಾದಿಯನ್ನು ಇದರ ಜೊತೆ ಬೆರೆಸಬೇಡಿ: ಖಾದಿಯಲ್ಲಿ ನೂಲನ್ನೂ ಕೈಯಲ್ಲೇ ತೆಗೆದಿರಬೇಕು, ನನ್ನವು ಮಿಲ್ಲಿನ ನೂಲು, ಕೈಯ ನೇಯ್ಗೆ.

ಜರಿಗೆ ಸೊನ್ನೆ ಅಂಕ. ಎರಡನೇ ವರ್ಷಕ್ಕೇ ಕಪ್ಪಾಯಿತು. ಈ ಬೆಲೆಗೆ ನಿಜ ಜರಿ ಬರುವುದಿಲ್ಲ ಎನ್ನುವುದು ಗೊತ್ತಿದ್ದೇ ಬೇಜಾರಾಯಿತು. ಅಮ್ಮನ ಹತ್ತಿರ ಇರುವ ಒಂದೇ ಒಂದು ಮೈಸೂರು ಸಿಲ್ಕ್, ಮದುವೆ ಕಾಲದ್ದು, ಇವತ್ತೂ ಪೆಟ್ಟಿಗೆ ತೆಗೆದರೆ ಮಿಂಚುತ್ತದೆ. ಅದರ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ. ಹೋಲಿಸಿದ್ದು ನನ್ನದೇ ತಪ್ಪು.

ಬಿಳುಪಿನ ವಿಷಯದಲ್ಲಿ ಪಂಚೆಗಿಂತ ನೀರಿನ ಪಾತ್ರ ದೊಡ್ಡದು. ಊರಿನ ಬೋರ್‌ವೆಲ್ ನೀರು ಗಡಸು, ಸೋಪು ನೊರೆ ಕಟ್ಟುವುದಿಲ್ಲ. ರಜೆಗೆ ಹೋಗಿ ಎರಡು ಸಲ ಒಗೆದು ತಂದರೆ ಪಂಚೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಮೈಸೂರಿನಲ್ಲಿ ನಮ್ಮ ನಲ್ಲಿಗೆ ಬರುವುದು ಹೊಂಗಳ್ಳಿ, ಬೆಳಗೊಳದ ಕಡೆಯಿಂದ ಎತ್ತಿದ ಕಾವೇರಿ. ಮೂರು ಒಗೆತಕ್ಕೆ ಮತ್ತೆ ಬಿಳುಪು. ನಮ್ಮ ಜಿಲ್ಲೆಯ ಹೊಲದ ಪಕ್ಕದಲ್ಲೇ ಹರಿಯುವ ನೀರು ಬಟ್ಟೆ ಒಗೆಯಲು ಸಿಗಬೇಕಾದರೆ ಮೈಸೂರಿಗೆ ಬರಬೇಕು! ಬ್ಲೀಚ್ ಮಾತ್ರ ಹಾಕಬೇಡಿ. ನಾನು ಒಮ್ಮೆ ಹಾಕಿ ನೂಲು ಕಸುವು ಕಳೆದುಕೊಂಡಿತು, ಬಿಳುಪೂ ನಿಲ್ಲದೆ ಹಳದಿಗೆ ತಿರುಗಿತು. ನೀಲಿ ಹಾಕುವುದಾದರೆ ನೀರಿನಲ್ಲಿ ಪೂರ್ತಿ ಕದಡಿದ ಮೇಲೆಯೇ ಪಂಚೆ ಅದ್ದಿ, ಇಲ್ಲದಿದ್ದರೆ ಮೋಡ ಮೋಡ.

ಸೂಟ್‌ಕೇಸಿನ ತಳದಿಂದ ಅವು ನಿಜವಾಗಿ ಹೊರಬಂದದ್ದು 2020ರ ಲಾಕ್‌ಡೌನ್‌ನಲ್ಲಿ. ಊರಿಗೆ ಬಂದೆ, ಜಗಲಿ ಮೇಲೆ ಲ್ಯಾಪ್‌ಟಾಪು, ವಿಡಿಯೊ ಮೀಟಿಂಗಿಗೆ ಇಸ್ತ್ರಿ ಶರ್ಟು, ಕೆಳಗೆ ಹಸಿರಂಚಿನ ಪಂಚೆ. ಅಪ್ಪ ಹಾದು ಹೋಗುವಾಗ “ಮೇಲುಕ್ಕೆ ಮೈಸೂರು, ಕೆಳಿಕ್ಕೆ ನಮ್ಮೂರು” ಅಂದು ನಕ್ಕ. ಆ ನಾಲ್ಕು ತಿಂಗಳು ದಿನಾ ಉಟ್ಟೆ. ತೊಡೆಗೆ ಗಾಳಿ ತಾಗುವ ಬಟ್ಟೆಯಲ್ಲಿ ನಾಲ್ಕು ತಿಂಗಳು ಇದ್ದವನಿಗೆ ಮತ್ತೆ ಜೀನ್ಸಿಗೆ ಹೋಗುವುದು ಶಿಕ್ಷೆ.

ಮೈಸೂರಿಗೆ ವಾಪಸು ಬಂದು ಅಗ್ರಹಾರದ ಕಡೆ ಒಂದು ಮಹಡಿ ರೂಮು ಹಿಡಿದೆ. ವಾರದ ದಿನ ಆಫೀಸಿಗೆ ಪ್ಯಾಂಟೇ. ಶನಿವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ಪಂಚೆ: ದೇವರಾಜ ಮಾರ್ಕೆಟ್ಟಿಗೆ, ಕುಕ್ಕರಹಳ್ಳಿ ಕೆರೆಗೆ, ಟೀ ಅಂಗಡಿಗೆ. ಮೊದಲ ವಾರ ಕೆಳಗಿನ ಮನೆಯವರು ಕೇಳಿದರು, “ಏನ್ ಸಾರ್, ಮನೇಲಿ ಪೂಜೆನಾ?” ಎರಡನೇ ವಾರ ಬಾಳೆಹಣ್ಣಿನವನು ಕೇಳಿದ, “ಮದ್ವೆಗಾ ಸಾರ್?” ಊರಿನಲ್ಲಿ ನಾನು ಪ್ಯಾಂಟು ಹಾಕಿ ಜಗಲಿ ಇಳಿದರೆ “ಎಲ್ಲಿಗ್ಲಾ ಹೊಂಟೆ?” ಅನ್ನುತ್ತಾರೆ. ಮೈಸೂರಿನಲ್ಲಿ ಪಂಚೆಗೆ ಕಾರಣ ಕೊಡಬೇಕು, ನಮ್ಮೂರಿನಲ್ಲಿ ಪ್ಯಾಂಟಿಗೆ. ರೈಲು ಯಾವ ಜಾಗದಲ್ಲಿ ಆ ಗೆರೆ ದಾಟುತ್ತದೆ ಎಂದು ಕಿಟಕಿ ಪಕ್ಕ ಕೂತು ಎಷ್ಟೋ ಸಲ ಯೋಚಿಸಿದ್ದೇನೆ.

ಜೊತೆಗೆ ಯಾವ ಶರ್ಟು ಅನ್ನುವುದು ಮುಖ್ಯ. ಬಿಳಿ ಪಂಚೆಗೆ ಬಿಳಿ ಶರ್ಟು ಹಾಕಿದರೆ “ಯಾವ ಪಾರ್ಟಿ?” ಅನ್ನುತ್ತಾರೆ. 1996ರಲ್ಲಿ ಪಂಚೆ ಉಟ್ಟೇ ಪ್ರಧಾನಿಯಾದವರನ್ನು ಕೊಟ್ಟ ಸೀಮೆ ನಮ್ಮದು, ಅನುಮಾನ ಸಹಜ. ನನಗೆ ಹೊಂದಿದ್ದು ಸಣ್ಣ ಚೌಕಳಿಯ ಅರ್ಧ ತೋಳಿನ ಹತ್ತಿ ಶರ್ಟು, ಹೊರಗೆ ಬಿಟ್ಟದ್ದು, ಸೊಂಟದಿಂದ ಒಂದು ಗೇಣಿಗಿಂತ ಕೆಳಗೆ ಇಳಿಯಬಾರದು. ಕಪ್ಪು ಟಿ-ಶರ್ಟು ಕೂಡ ಚೆನ್ನಾಗಿ ಕೂರುತ್ತದೆ, ಯಾರೂ ಪೂಜೆ ಎಂದು ಕೇಳುವುದಿಲ್ಲ. ಕಾಲಿಗೆ ಚರ್ಮದ ಚಪ್ಪಲಿ. ಸ್ಪೋರ್ಟ್ಸ್ ಶೂ ಹಾಕಿ ಒಂದು ಸಲ ನೋಡಿದೆ, ಕನ್ನಡಿಯೇ ನಕ್ಕಿತು. ಫೋನು, ಬೀಗದಕೈಗೆ ಒಳಗೆ ಜೇಬಿರುವ ಪಟ್ಟಾಪಟ್ಟಿ ಚಡ್ಡಿಗಿಂತ ಒಳ್ಳೆಯ ವ್ಯವಸ್ಥೆ ಇನ್ನೂ ಬಂದಿಲ್ಲ. ಯುಪಿಐ ಪೇಮೆಂಟಿಗೆ ಅಂಗಡಿ ಮುಂದೆ ಫೋನ್ ತೆಗೆಯುವ ದೃಶ್ಯ ಮಾತ್ರ ಅಷ್ಟೊಂದು ಶೋಭೆಯಲ್ಲ.

ನಡುವೆ ದ್ರೋಹ ಮಾಡಿ ವೆಲ್ಕ್ರೋ ಪಂಚೆ ಒಂದನ್ನು ಕೊಂಡೆ, ಗೆಳೆಯನ ಮದುವೆಗೆ. ಹೆಸರು ಬೇಡ. ಊಟದ ಪಂಕ್ತಿಯಲ್ಲಿ ಕೂತು ಎರಡನೇ ಸಲ ಪಾಯಸ ಹಾಕಿಸಿಕೊಳ್ಳುವಾಗ ‘ಚರ್ರ್’ ಅಂತು. ಪಕ್ಕದಲ್ಲಿದ್ದ ಅಜ್ಜಿ ಎಲೆ ಹರಿದ ಸದ್ದು ಅಂದುಕೊಂಡರು, ಅಷ್ಟು ಮರ್ಯಾದೆ ಉಳಿಯಿತು.

ಸ್ಕೂಟರಿಗೆ ಈ ಪಂಚೆ ಹೇಳಿಸಿದ್ದಲ್ಲ. ನಾಲ್ಕನೇ ವರ್ಷ ಹಸಿರಂಚಿನದು ಸ್ಟ್ಯಾಂಡಿಗೆ ಸಿಕ್ಕಿ ಒಂದು ಗೇಣು ಹರಿಯಿತು. ರಫೂ ಹಾಕಿಸಿದ್ದೇನೆ, ಒಳಗಡೆಗೆ ಬರುವ ಹಾಗೆ ಉಡುತ್ತೇನೆ. ಸೊಂಟಕ್ಕೆ ಸಿಕ್ಕಿಸುವ ಮೂಲೆ ಎರಡರಲ್ಲೂ ತೆಳುವಾಗಿದೆ, ಬೆಳಕಿಗೆ ಹಿಡಿದರೆ ಜಾಲರಿ. ತಲೆಕೆಳಗು ಮಾಡಿ ಉಡುವ ಅಭ್ಯಾಸ ಮೊದಲೇ ಮಾಡಿಕೊಂಡಿದ್ದರೆ ಸವೆತ ಹಂಚಿಹೋಗುತ್ತಿತ್ತು. ಉಳಿದ ಬಟ್ಟೆ ಮಾತ್ರ ಹೊಸದಕ್ಕಿಂತ ಈಗಲೇ ಮೆತ್ತಗೆ.

2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ, ಸರ್ಕಾರ ಆ ಮಾಲನ್ನೇ ಏಳು ದಿನ ಮುಚ್ಚಿಸಿತು. ಆ ವಾರ ನಮ್ಮ ಆಫೀಸಿನಲ್ಲಿ ಎಲ್ಲರೂ ಪಂಚೆಯ ಪರ. ಸೋಮವಾರ ಉಟ್ಟು ಬರುತ್ತೇನೆ ಅಂದೆ. “ಹಬ್ಬದ ದಿನ ಬಾ” ಅಂದರು. ನಾನೂ ಉಟ್ಟು ಹೋಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಅದೇ ವರ್ಷ ಅಪ್ಪ ಕಣ್ಣಿನ ಪೊರೆ ಆಪರೇಷನ್ನಿಗೆ ಮೈಸೂರಿಗೆ ಬಂದು ನನ್ನ ರೂಮಿನಲ್ಲಿ ಉಳಿದ. ತಂದಿದ್ದು ಒಂದೇ ಪಂಚೆ, ಕೆಂಪಂಚಿನದನ್ನು ಕೊಟ್ಟೆ. ಅಂಚು ಮುಟ್ಟಿ ನೋಡಿ “ಚೆನ್ನಾಗಿ ಇಕ್ಕಂಡಿದ್ದೀಯ” ಅಂದ. ಆಪರೇಷನ್ನಿನ ಹಿಂದಿನ ದಿನ ನಾನು ಆಫೀಸಿನಿಂದ ಬಂದಾಗ ಪಂಚೆ ಮೊಣಕಾಲ ಮೇಲಕ್ಕೆ ಕಟ್ಟಿ ಬಚ್ಚಲು ಉಜ್ಜುತ್ತಿದ್ದ, ಪಾಚಿ ಕಟ್ಟಿದೆ ಅಂತ. ಬಾಡಿಗೆ ವಿಷಯಕ್ಕೆ ಓನರ್ ಮೆಟ್ಟಿಲು ಹತ್ತಿ ಬಂದರು. ಅಪ್ಪ ಪೊರಕೆ ಕೆಳಗಿಟ್ಟು ಪಂಚೆ ಇಳಿಬಿಟ್ಟು ನಿಂತ. ಅವರು ಇಳಿದು ಹೋದರು, ಪಂಚೆ ಮತ್ತೆ ಮೇಲಕ್ಕೆ ಹೋಯಿತು. ನಾನು ಬೂಟು ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತಿದ್ದೆ.

“ಏನ್ಲಾ ಕಂಬದಂಗೆ ನಿಂತ್ಕಂಡಿದ್ದೀಯ? ಆ ಬಕೆಟ್ ಇತ್ಲಾಗೆ ತಳ್ಳು.”

ಊರಿಗೆ ಹೋಗುವಾಗ ಆ ಪಂಚೆಯನ್ನು ಉಟ್ಟುಕೊಂಡೇ ಹೋದ, ವಾಪಸು ಕೊಟ್ಟಿಲ್ಲ. ಹಾಗಾಗಿ ಕೆಂಪಂಚಿನದರ ಕೊನೆಯ ಒಂದು ವರ್ಷದ ವರದಿ ನನ್ನ ಹತ್ತಿರ ಇಲ್ಲ. ಕಳೆದ ಸಲ ಹೋದಾಗ ಕಬ್ಬಿನ ಗದ್ದೆಯಲ್ಲಿ ನೋಡಿದ್ದು, ಬಿಳಿಯೇನೂ ಆಗಿ ಉಳಿದಿರಲಿಲ್ಲ. ಬರುವ ವೈರಮುಡಿಗೆ ಇನ್ನೊಂದು ಕೊಳ್ಳಬೇಕು. ಜರಿ ಇಲ್ಲದ್ದು.